ಸೆಷನ್ನನ್ನು ಎಲ್ಲಿಡಬೇಕು, ಎಷ್ಟು ಹೊತ್ತು ಇಡಬೇಕು?

ಕೆಲವು ಕಾಲದ ಹಿಂದೆ ನಮ್ಮ ನೆರೆಮನೆಯ ಹುಡುಗನೊಬ್ಬನ ಸಂಗಡ, ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಿಸುವ ಸಲುವಾಗಿ, ಪೇಟೆಯ ಸೈಬರ್ ಸೆಂಟರಿಗೆ ಹೋಗಿದ್ದೆವು. ಅರ್ಜಿಯು ಬಲು ಉದ್ದವಾಗಿತ್ತು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ, ಬ್ಯಾಂಕ್ ಖಾತೆಯ ಸಂಖ್ಯೆ, ಹತ್ತನೆಯ ತರಗತಿಯ ಅಂಕಗಳು, ಹಾಸ್ಟೆಲಿನ ವಿಳಾಸ, ತಂದೆಯ ಉದ್ಯೋಗ, ಹೀಗೆ ಪ್ರಶ್ನೆಯ ಮೇಲೆ ಪ್ರಶ್ನೆ. ನಡುವೆ ಒಂದು ಸಂಖ್ಯೆ ಸಿಕ್ಕದೆ ಹುಡುಗನು ತಾಯಿಗೆ ಫೋನು ಮಾಡಿದನು. ಆಕೆ ಟ್ರಂಕಿನಿಂದ ಕಾಗದವನ್ನು ಹುಡುಕಿ ತೆಗೆದು, ಒಂದೊಂದೇ ಅಂಕೆಯಾಗಿ ಓದಿ ಹೇಳಿದರು. ಎಲ್ಲವನ್ನೂ ಎರಡು ಸಲ ಸರಿನೋಡಿ, ಹುಡುಗನು ‘ಸಲ್ಲಿಸು’ ಎಂಬ ಗುಂಡಿಯನ್ನು ಒತ್ತಿದನು. ಪರದೆಯ ಮೇಲೆ ಒಂದೇ ಒಂದು ಸಾಲು ಮೂಡಿತು: ನಿಮ್ಮ ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ. ಲಾಗಿನ್ ಆಗಿ ನೋಡಿದರೆ ಅರ್ಜಿಯು ಬರಿದಾಗಿತ್ತು.

“ನಾನು ಏನು ತಪ್ಪು ಮಾಡಿದೆ ಸಾರ್?” ಎಂದು ಅವನು ನಮ್ಮನ್ನು ಕೇಳಿದನು. ನಿಧಾನವಾಗಿಯೂ ಎಚ್ಚರಿಕೆಯಿಂದಲೂ ತುಂಬಿದ್ದನ್ನು ಬಿಟ್ಟರೆ ಅವನು ಬೇರೆ ಯಾವ ತಪ್ಪನ್ನೂ ಮಾಡಿರಲಿಲ್ಲ.

ಇಂಥ ಪ್ರಸಂಗವನ್ನು ಜನರು ಗ್ರಹಣದಂತೆಯೋ ಆಲಿಕಲ್ಲಿನ ಮಳೆಯಂತೆಯೋ ತಮ್ಮ ಕೈಮೀರಿದ್ದೆಂದು ಭಾವಿಸಿ ಸುಮ್ಮನಾಗುತ್ತಾರೆ. ಆದರೆ ಇದು ಪ್ರಕೃತಿಯ ವ್ಯಾಪಾರವಲ್ಲ. ಎಲ್ಲಿಯೋ ಒಂದು ಕಡತದ ಒಂದು ಸಾಲಿನಲ್ಲಿ ಯಾರೋ ಒಬ್ಬರು ಒಂದು ಸಂಖ್ಯೆಯನ್ನು ಬರೆದುದರ ಫಲವಿದು; ಅಥವಾ, ಹೆಚ್ಚಿನ ಸಂದರ್ಭಗಳಲ್ಲಿ, ಏನನ್ನೂ ಬರೆಯದೆ ಇದ್ದುದನ್ನು ಇದ್ದಂತೆಯೇ ಬಿಟ್ಟುದರ ಫಲ. ನಮ್ಮ ವಾಚಕರಲ್ಲಿ ಅನೇಕ ವಿದ್ಯಾರ್ಥಿಗಳು ನಾಳೆ ಇಂಥ ಕಡತಗಳನ್ನು ಬರೆಯತಕ್ಕವರು. ಆದುದರಿಂದ ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಸ್ವಲ್ಪ ವಿವರವಾಗಿಯೇ ತಿಳಿಸಲು ಬಯಸುತ್ತೇವೆ.

ಮೊದಲು ಸೆಷನ್ ಎಂಬುದು ಏತಕ್ಕೆ ಬೇಕಾಯಿತೆಂಬುದನ್ನು ನೋಡೋಣ. ಜಾಲದಲ್ಲಿ ಪುಟಗಳನ್ನು ಸಾಗಿಸುವ ಎಚ್‌ಟಿಟಿಪಿ ಎಂಬ ಕಟ್ಟಳೆಯು ಸ್ವಭಾವತಃ ಮರೆಗುಳಿ. ಬ್ರೌಸರ್ ಒಂದು ಪುಟವನ್ನು ಕೇಳುತ್ತದೆ, ಸರ್ವರ್ ಅದನ್ನು ಕೊಡುತ್ತದೆ. ಅಲ್ಲಿಗೆ ಅವೆರಡರ ಪರಿಚಯವು ಮುಗಿಯಿತು. ಮರುಕ್ಷಣವೇ ಅದೇ ಬ್ರೌಸರ್ ಇನ್ನೊಂದು ಪುಟವನ್ನು ಕೇಳಿದರೆ, ಸರ್ವರಿಗೆ ಅದು ಹೊಸಬರ ಮಾತು. ಬರೆದಿಟ್ಟ ಪುಟಗಳನ್ನು ಹಂಚುವುದಷ್ಟೇ ಕೆಲಸವಾಗಿದ್ದ ಕಾಲಕ್ಕೆ ಈ ಮರೆವು ಒಂದು ವರವೇ ಆಗಿತ್ತು. ಸರ್ವರಿನ ಮೇಲೆ ಯಾವ ನೆನಪಿನ ಹೊರೆಯೂ ಇರಲಿಲ್ಲ. ಅಂಗಡಿ, ಬ್ಯಾಂಕು, ಅರ್ಜಿಗಳು ಜಾಲಕ್ಕೆ ಬಂದೊಡನೆಯೇ ತೊಂದರೆಯು ಮೊದಲಾಯಿತು. ಈಗ ತಾನೆ ಗುಪ್ತಪದವನ್ನು ಕೊಟ್ಟು ಒಳಗೆ ಬಂದವನನ್ನು ಮುಂದಿನ ಪುಟದಲ್ಲಿ ಗುರುತು ಹಿಡಿಯುವ ಬಗೆ ಹೇಗೆ?

1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮಾಂಟುಲಿ ಎಂಬ ತಂತ್ರಜ್ಞರು ಇದಕ್ಕೊಂದು ಉಪಾಯವನ್ನು ಕಂಡುಹಿಡಿದರು. ಸರ್ವರ್ ಒಂದು ಪುಟ್ಟ ಚೀಟಿಯನ್ನು ಬ್ರೌಸರಿಗೆ ಕೊಡುವುದು. ಬ್ರೌಸರ್ ಪ್ರತಿ ಸಲವೂ ಆ ಚೀಟಿಯನ್ನು ತೋರಿಸುವುದು. ಈ ಚೀಟಿಗೆ ಕುಕಿ ಎಂದು ಹೆಸರಾಯಿತು. ತಿನ್ನುವ ಬಿಸ್ಕತ್ತಿಗೂ ಇದಕ್ಕೂ ಸಂಬಂಧವಿಲ್ಲ. ಯೂನಿಕ್ಸ್ ಕ್ರಮವಿಧಿಕಾರರಲ್ಲಿ ಮೊದಲೇ ಬಳಕೆಯಲ್ಲಿದ್ದ ಒಂದು ಆಡುಮಾತನ್ನು ಅವರು ಎತ್ತಿಕೊಂಡರು. ಕುಕಿಯ ಸಹಾಯದಿಂದ, ಒಬ್ಬನೇ ವ್ಯಕ್ತಿಯ ಹಿಂದುಮುಂದಿನ ಕೇಳಿಕೆಗಳನ್ನೆಲ್ಲ ಒಂದು ದಾರಕ್ಕೆ ಪೋಣಿಸಿದಂತೆ ಸೇರಿಸಿಡುವ ಏರ್ಪಾಟಿಗೇ ಸೆಷನ್ ಎಂದು ಹೆಸರು. ಅಧಿವೇಶನವೆಂದು ಅನುವಾದಿಸಿದರೆ ಶಾಸನಸಭೆಯ ನೆನಪು ಬರುವುದಾದ್ದರಿಂದ ನಾವು ಸೆಷನ್ ಎಂದೇ ಕರೆಯುತ್ತೇವೆ.

ದೊಡ್ಡ ದೇವಸ್ಥಾನಗಳ ಬಾಗಿಲಲ್ಲಿ ಚಪ್ಪಲಿ ಕಾಯುವ ಅಂಗಡಿಯನ್ನು ಎಲ್ಲರೂ ಬಲ್ಲರು. ಚಪ್ಪಲಿಯನ್ನು ಕೊಟ್ಟರೆ ಸಂಖ್ಯೆ ಬರೆದ ಬಿಲ್ಲೆಯೊಂದು ಕೈಗೆ ಬರುತ್ತದೆ. ಚಪ್ಪಲಿ ಅಂಗಡಿಯಲ್ಲಿ, ಬಿಲ್ಲೆ ನಮ್ಮ ಜೇಬಿನಲ್ಲಿ. ಸೆಷನ್ನಿನ ಸಾಮಾನ್ಯ ಏರ್ಪಾಟು ಹೀಗೆಯೇ ಇರುವುದು. ಕುಕಿಯಲ್ಲಿ ಇರುವುದು ಬಿಲ್ಲೆಯ ಸಂಖ್ಯೆ ಮಾತ್ರ. ಆ ಸಂಖ್ಯೆಗೆ ಸೇರಿದ ಸಾಮಾನು ಸರ್ವರಿನ ಗೂಡಿನಲ್ಲಿ. ಒಂದು ವ್ಯತ್ಯಾಸವುಂಟು. ಚಪ್ಪಲಿಯ ಬಿಲ್ಲೆಯಲ್ಲಿ 47 ಎಂದಿದ್ದರೆ 48 ಇರುವುದನ್ನು ಯಾರು ಬೇಕಾದರೂ ಊಹಿಸಬಹುದು. ಸೆಷನ್ನಿನ ಬಿಲ್ಲೆಯನ್ನು ಊಹಿಸಲು ಆಗಕೂಡದು. ಜ್ಯಾಂಗೊ ಎಂಬ ಪ್ರಸಿದ್ಧ ಫ್ರೇಮ್‌ವರ್ಕ್ ಕೊಡುವ ಬಿಲ್ಲೆಯು, ಸಣ್ಣಕ್ಷರದ 26 ಇಂಗ್ಲಿಷ್ ಅಕ್ಷರಗಳಿಂದಲೂ 10 ಅಂಕೆಗಳಿಂದಲೂ ಆರಿಸಿದ 32 ಚಿಹ್ನೆಗಳ ಮಾಲೆ. ಇಂಥ ಮಾಲೆಗಳು ಎಷ್ಟು ಸಾಧ್ಯವೆಂದು ಲೆಕ್ಕಹಾಕಿದರೆ 50 ಅಂಕೆಗಳ ಸಂಖ್ಯೆಯೊಂದು ಬರುತ್ತದೆ.

ಈಗ ಪ್ರಶ್ನೆ ಎರಡು. ಸಾಮಾನನ್ನು ಯಾವ ಗೂಡಿನಲ್ಲಿಡಬೇಕು? ಎಷ್ಟು ಹೊತ್ತಿನ ಮೇಲೆ ಅದನ್ನು ಹೊರಗೆ ಹಾಕಬೇಕು?

ಎರಡನೆಯದನ್ನೇ ಮೊದಲು ತೆಗೆದುಕೊಳ್ಳೋಣ. ಹುಡುಗನಿಗೆ ಹೊಡೆತ ಬಿದ್ದುದು ಅಲ್ಲಿಯೇ. ಪಿಎಚ್‌ಪಿ ಭಾಷೆಯಲ್ಲಿ ಸೆಷನ್ನಿನ ವ್ಯವಸ್ಥೆಯು 2000ದ ಇಸವಿಯಲ್ಲಿ ಹೊರಬಂದ ನಾಲ್ಕನೆಯ ಆವೃತ್ತಿಯಿಂದ ಒಳಗೂಡಿಯೇ ಬಂದಿದೆ. ಅದರಲ್ಲಿ ಸಾಮಾನಿನ ಆಯುಸ್ಸನ್ನು ನಿರ್ಧರಿಸುವ ಒಂದು ಸಂಖ್ಯೆಯಿದೆ: 1440. ಇದು ಸೆಕೆಂಡುಗಳ ಲೆಕ್ಕ. ಎಂದರೆ 24 ನಿಮಿಷ. ಒಂದು ದಿನಕ್ಕೆ 1440 ನಿಮಿಷಗಳು ಎಂಬುದನ್ನು ನೆನೆದಾಗ, ಸೆಕೆಂಡಿಗೂ ನಿಮಿಷಕ್ಕೂ ಎಲ್ಲಿಯೋ ಅದಲುಬದಲಾಯಿತೇ ಎಂಬ ತುಂಟ ಸಂಶಯವು ನಮಗೆ ಬರುವುದುಂಟು. ಅದಕ್ಕೆ ಆಧಾರವನ್ನು ಮಾತ್ರ ಕೇಳಬಾರದು. ಇರಲಿ. ಈ 24 ನಿಮಿಷ ಕಳೆದೊಡನೆ ಸಾಮಾನು ಹೋಗಿಯೇಬಿಡುತ್ತದೆಂದೂ ಅಲ್ಲ. ಕಸ ಗುಡಿಸುವವನು ಪ್ರತಿ ಸಲವೂ ಬರುವುದಿಲ್ಲ. ಯಾರಾದರೂ ಸೆಷನ್ನನ್ನು ತೆರೆದಾಗ ಸರಾಸರಿ ನೂರಕ್ಕೆ ಒಂದು ಸಲ ಮಾತ್ರ ಬಂದು, ಅವಧಿ ಮೀರಿದ ಕಡತಗಳನ್ನು ಗುಡಿಸಿಹಾಕುತ್ತಾನೆ. ಇದು ಪಿಎಚ್‌ಪಿಯಲ್ಲಿ ಮೊದಲಿಂದಲೇ ಇಟ್ಟಿರುವ ಪ್ರಮಾಣ; ಸ್ಥಾಪಿಸುವವರು ಇದನ್ನು ಬದಲಿಸುವುದುಂಟು.

ಇದರ ಪರಿಣಾಮವೇನೆಂದು ಯೋಚಿಸಿ ನೋಡಿ. ವಿದ್ಯಾರ್ಥಿಯು ತನ್ನ ಕೋಣೆಯಲ್ಲಿ, ತನ್ನದೇ ಯಂತ್ರದಲ್ಲಿ ಅರ್ಜಿಯ ಪುಟವನ್ನು ಕಟ್ಟಿ ಪರೀಕ್ಷಿಸುತ್ತಾನೆ. ಬಳಸುವವನು ಅವನೊಬ್ಬನೇ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೂ ಸೆಷನ್ ಅಲ್ಲಿಯೇ ಇರುತ್ತದೆ, ಏಕೆಂದರೆ ಗುಡಿಸುವವನು ಇನ್ನೂ ಬಂದಿಲ್ಲ. ಎಲ್ಲವೂ ಸರಿಯಾಗಿದೆಯೆಂದು ಅವನು ನಂಬುತ್ತಾನೆ. ಅರ್ಜಿಯ ಕೊನೆಯ ದಿನ ಬರುತ್ತದೆ. ಕ್ಷಣಕ್ಕೆ ನೂರಾರು ಜನ ಪುಟವನ್ನು ತೆರೆಯುತ್ತಾರೆ. ಗುಡಿಸುವವನಿಗೆ ಬಿಡುವೇ ಇಲ್ಲ. ಆಗ 24 ನಿಮಿಷ ಮೀರಿದವರೆಲ್ಲರೂ ತಪ್ಪದೆ ಹೊರಗೆ ಬೀಳುತ್ತಾರೆ. ಜನಸಂದಣಿಯ ದಿನದಂದೇ ಕಾಣಿಸಿಕೊಂಡು, ಪರೀಕ್ಷೆಯ ದಿನ ಅಡಗಿ ಕೂಡುವ ಇಂಥ ದೋಷವು ಬಹಳ ಕೆಟ್ಟದ್ದು. ಅಷ್ಟೇ ಅಲ್ಲ, ಒಂದೇ ಯಂತ್ರದಲ್ಲಿ ಹಲವು ತಾಣಗಳು ಸೆಷನ್ ಕಡತಗಳನ್ನು ಒಂದೇ ಕೋಶದಲ್ಲಿ ಇಟ್ಟುಕೊಂಡಿದ್ದರೆ, ಯಾರ ಅವಧಿ ಎಲ್ಲಕ್ಕಿಂತ ಚಿಕ್ಕದೋ ಅವನ ಪೊರಕೆಯೇ ಎಲ್ಲರ ಸಾಮಾನಿನ ಮೇಲೂ ಆಡುತ್ತದೆ. ನೀವು ನಿಮ್ಮ ತಾಣಕ್ಕೆ ಎರಡು ಗಂಟೆಯೆಂದು ಬರೆದಿದ್ದರೂ ನೆರೆಯವನ 24 ನಿಮಿಷವೇ ಗೆಲ್ಲುವುದು. ಪಿಎಚ್‌ಪಿಯ ಕೈಪಿಡಿಯೇ ಇದನ್ನು ಎಚ್ಚರಿಸಿದೆ. ಕೋಶವನ್ನು ಬೇರೆ ಮಾಡಿಕೊಳ್ಳಬೇಕಾದುದು ಕಟ್ಟುವವನ ಕೆಲಸ.

ಇದಕ್ಕಿಂತಲೂ ಮೂಲಭೂತವಾದ ಸಂಗತಿಯೊಂದಿದೆ. ಹುಡುಗನು ಬೆರಳು ಬಿಡುವಿಲ್ಲದೆ ಕೀಲಿಗಳನ್ನು ಒತ್ತುತ್ತಿದ್ದನಷ್ಟೆ? ಸರ್ವರಿಗೆ ಅದಾವುದೂ ತಿಳಿಯದು. ‘ಸಲ್ಲಿಸು’ ಎಂಬುದನ್ನು ಒತ್ತುವವರೆಗೆ ಒಂದಕ್ಷರವೂ ಅವನ ಯಂತ್ರದಿಂದ ಆಚೆಗೆ ಹೋಗುವುದಿಲ್ಲ. ಅರ್ಜಿ ತುಂಬುತ್ತಿರುವವನೂ ಎದ್ದು ಮನೆಗೆ ಹೋದವನೂ ಸರ್ವರಿನ ಕಣ್ಣಿಗೆ ಒಂದೇ. ಹೀಗಿರುವಾಗ ‘ಕೆಲಸ ಮಾಡದೆ ಇದ್ದುದರಿಂದ ನಿಮ್ಮನ್ನು ಹೊರಗೆ ಹಾಕಲಾಗಿದೆ’ ಎಂಬ ಮಾತು ಶುದ್ಧ ಸುಳ್ಳು. ಕೆಲಸ ಮಾಡುತ್ತಿದ್ದುದನ್ನು ನಾವು ನೋಡಲಿಲ್ಲ ಎಂದು ಹೇಳಿದರೆ ಸತ್ಯವಾದೀತು.

ಇನ್ನು ಜ್ಯಾಂಗೊವಿನ ಕಡೆಗೆ ಬರೋಣ. ಅಮೆರಿಕದ ಕ್ಯಾನ್ಸಸ್ ಪ್ರಾಂತದ ಲಾರೆನ್ಸ್ ಎಂಬ ಊರಿನ ವೃತ್ತಪತ್ರಿಕೆಯ ಕಚೇರಿಯಲ್ಲಿ ಹುಟ್ಟಿ, 2005ರಲ್ಲಿ ಸಾರ್ವಜನಿಕರಿಗೆ ಬಿಡುಗಡೆಯಾದ ಫ್ರೇಮ್‌ವರ್ಕ್ ಅದು. ನಮ್ಮ ಕಾಲೇಜುಗಳಲ್ಲಿ ಪೈಥಾನ್ ಕಲಿಯುವ ವಿದ್ಯಾರ್ಥಿಗಳು ಪ್ರಾಜೆಕ್ಟಿಗಾಗಿ ಅದನ್ನು ಬಳಸುವುದುಂಟು. ಅದರಲ್ಲಿ ಏನನ್ನೂ ಮುಟ್ಟದೆ ಬಿಟ್ಟರೆ ಸೆಷನ್ನಿನ ಅವಧಿಯು 12,09,600 ಸೆಕೆಂಡು. ಎಂದರೆ ಎರಡು ವಾರ. ಪತ್ರಿಕೆಯನ್ನು ಮನೆಯಲ್ಲಿ ಕುಳಿತು ಓದುವವನಿಗೆ ಇದು ಅನುಕೂಲವೇ. ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿ, ಲಾಗೌಟ್ ಮಾಡುವುದನ್ನು ಮರೆತು ಎದ್ದುಹೋದವನಿಗೆ? ಅದೇ ಕುರ್ಚಿಯಲ್ಲಿ ಕುಳಿತ ಮುಂದಿನವನು, ಆ ಬ್ರೌಸರಿನಲ್ಲಿ ಕುಕಿಯು ಉಳಿದಿದ್ದರೆ, ಎರಡು ವಾರದವರೆಗೆ ಅವನ ಹೆಸರಿನಲ್ಲಿ ಒಳಗೆ ಹೋಗಬಹುದು.

ಇದನ್ನು ಕೇಳಿ ಹೆದರಿದ ವಿದ್ಯಾರ್ಥಿಯು ಅವಧಿಯನ್ನು 900 ಸೆಕೆಂಡಿಗೆ ಇಳಿಸುತ್ತಾನೆಂದು ಇಟ್ಟುಕೊಳ್ಳೋಣ. ಹದಿನೈದು ನಿಮಿಷ ಸುಮ್ಮನಿದ್ದವರು ಮಾತ್ರ ಹೊರಗೆ ಹೋಗುತ್ತಾರೆಂದು ಅವನ ಎಣಿಕೆ. ಆದರೆ ಜ್ಯಾಂಗೊವಿನಲ್ಲಿ ಅವಧಿಯ ಎಣಿಕೆಯು ಸೆಷನ್ನಿನ ಸಾಮಾನು ಕೊನೆಯ ಸಲ ಬದಲಾದ ಕ್ಷಣದಿಂದ ಮೊದಲಾಗುತ್ತದೆ, ಓದಿದರೆ ಸಾಲದು. ಪುಟದಿಂದ ಪುಟಕ್ಕೆ ಓಡಾಡುತ್ತಲೇ ಇದ್ದವನು ಕೂಡ, ಸೆಷನ್ನಿಗೆ ಹೊಸದಾಗಿ ಏನೂ ಸೇರದೆ ಇದ್ದಲ್ಲಿ, ಲಾಗಿನ್ ಆದ ಹದಿನೈದನೆಯ ನಿಮಿಷಕ್ಕೆ ಹೊರಗೆ ಬೀಳುತ್ತಾನೆ. ಪ್ರತಿ ಕೇಳಿಕೆಗೂ ಸೆಷನ್ನನ್ನು ಉಳಿಸತಕ್ಕದ್ದು ಎಂಬ ಇನ್ನೊಂದು ಸಾಲನ್ನು ಬೇರೆಯಾಗಿ ಬರೆಯಬೇಕು. ಮೊದಲಿನಿಂದಲೂ ಅದು ‘ಇಲ್ಲ’ ಎಂಬ ಸ್ಥಿತಿಯಲ್ಲಿರುತ್ತದೆ.

ನಾವು ಈ ಎರಡು ಉದಾಹರಣೆಗಳನ್ನು ಕೊಟ್ಟುದು ಪಿಎಚ್‌ಪಿಯನ್ನಾಗಲಿ ಜ್ಯಾಂಗೊವನ್ನಾಗಲಿ ಹಳಿಯುವುದಕ್ಕಲ್ಲ. ಒಂದರಲ್ಲಿ 24 ನಿಮಿಷ, ಇನ್ನೊಂದರಲ್ಲಿ 14 ದಿನ. ಒಂದು ಅರ್ಜಿದಾರನಿಗೆ ತೀರ ಕಡಮೆ, ಇನ್ನೊಂದು ಸೈಬರ್ ಸೆಂಟರಿಗೆ ತೀರ ಹೆಚ್ಚು. ಎರಡು ಸಂಖ್ಯೆಗಳಲ್ಲಿ ಯಾವುದೂ ನಮ್ಮ ಹುಡುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದುದಲ್ಲ. ಬರೆದವರು ಅವನನ್ನು ಕಂಡಿರಲೂ ಇಲ್ಲ. ಅವನನ್ನು ಕಾಣಬೇಕಾದವನು ಆ ಅರ್ಜಿಯ ತಾಣವನ್ನು ಕಟ್ಟಿದವನು.

ಗೂಡಿನ ವಿಷಯಕ್ಕೆ ಬಂದರೆ, ಆಯ್ಕೆಗಳು ಹಲವು. ಕಡತಗಳಲ್ಲಿ ಇಡಬಹುದು; ಡೇಟಾಬೇಸಿನಲ್ಲಿ ಇಡಬಹುದು; ಮೆಮ್‌ಕ್ಯಾಶ್‌ಡಿ, ರೆಡಿಸ್ ಮುಂತಾದ ನೆನಪಿನ ಉಗ್ರಾಣಗಳಲ್ಲಿ ಇಡಬಹುದು; ಇಲ್ಲವೇ ಸಾಮಾನನ್ನೇ ಗಂಟುಕಟ್ಟಿ, ಅರಗಿನ ಮುದ್ರೆಯೊತ್ತಿ, ಕುಕಿಯೊಳಗೆ ತುಂಬಿ ಬಳಕೆದಾರನ ಕೈಗೇ ಕೊಟ್ಟುಬಿಡಬಹುದು. ಕಡತದ ಗೂಡು ಒಂದೇ ಸರ್ವರ್ ಇರುವವರೆಗೆ ಚೆನ್ನು. ಎರಡನೆಯ ಸರ್ವರ್ ಬಂದರೆ, ಪೂರ್ವದ ಬಾಗಿಲಿನ ಬಿಲ್ಲೆಯನ್ನು ಪಶ್ಚಿಮದ ಬಾಗಿಲಿನಲ್ಲಿ ತೋರಿಸಿದಂತಾಗುವುದು.

ಕುಕಿಯೊಳಗೆ ತುಂಬುವ ಪದ್ಧತಿಯು ಮೇಲುನೋಟಕ್ಕೆ ಬಹಳ ಆಕರ್ಷಕ. ರೂಬಿ ಆನ್ ರೈಲ್ಸ್ ಎಂಬ ಫ್ರೇಮ್‌ವರ್ಕ್ 2007ರಲ್ಲಿ ಬಂದ ತನ್ನ ಎರಡನೆಯ ಆವೃತ್ತಿಯಿಂದ ಇದನ್ನೇ ವಾಡಿಕೆಯಾಗಿ ಮಾಡಿಕೊಂಡಿತು. ಸರ್ವರಿನಲ್ಲಿ ಗೂಡೇ ಬೇಡ, ಕಾವಲೂ ಬೇಡ. ಆದರೆ ಮುದ್ರೆಯು ತಿದ್ದುವುದನ್ನು ತಡೆಯುತ್ತದೆಯೇ ಹೊರತು ಓದುವುದನ್ನು ತಡೆಯುವುದಿಲ್ಲ. ಗೂಢಲಿಪಿಗೆ ಮಾರ್ಪಡಿಸಿದಲ್ಲದೆ ಅದು ತೆರೆದ ಅಂಚೆಕಾರ್ಡಿನಂತೆಯೇ. ಕೊಟ್ಟ ಗಂಟನ್ನು ಸರ್ವರ್ ಹಿಂದಕ್ಕೆ ಕಿತ್ತುಕೊಳ್ಳುವಂತೆಯೂ ಇಲ್ಲ. ಲಾಗೌಟ್ ಆದ ಮೇಲೆಯೂ, ಮೊದಲೇ ನಕಲು ಮಾಡಿಟ್ಟುಕೊಂಡ ಕುಕಿಯು ಅವಧಿ ತೀರುವವರೆಗೆ ಸಲ್ಲಬಹುದು.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕುಂಟು. ಬ್ರೌಸರುಗಳು ಒಂದು ಕುಕಿಗೆ ಸುಮಾರು 4096 ಬೈಟುಗಳಷ್ಟೇ ಸ್ಥಳ ಕೊಡುತ್ತವೆ. ಯುಟಿಎಫ್-8 ಲಿಪಿಕ್ರಮದಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು. ‘ಕರ್ನಾಟಕ’ ಎಂಬ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 9 ಬೈಟು. ಕನ್ನಡದಲ್ಲಿ, ಕಾಗುಣಿತ ಒತ್ತುಗಳೂ ಸೇರಿ 7 ಸಂಕೇತ, 21 ಬೈಟು. ಪೈಥಾನಿನಲ್ಲಿ ಜೇಸನ್ ಎಂಬ ರೂಪಕ್ಕೆ ತರುವಾಗ ವಾಡಿಕೆಯ ಪ್ರಕಾರ ಒಂದೊಂದು ಸಂಕೇತವೂ ಆರು ಚಿಹ್ನೆಗಳಾಗುವುದರಿಂದ ಅದು 42ಕ್ಕೆ ಏರುತ್ತದೆ. ಒತ್ತಿ ಕುಗ್ಗಿಸಿ ಇದನ್ನು ಒಂದಿಷ್ಟು ಇಳಿಸಬಹುದು, ನಿಜ. ಆದರೂ ಇಂಗ್ಲಿಷಿನಲ್ಲಿ ಪರೀಕ್ಷಿಸಿ ಸರಿಯೆಂದು ಬಿಟ್ಟ ಪುಟವು, ಕನ್ನಡದಲ್ಲಿ ವಿಳಾಸ ಬರೆದವನ ಪಾಲಿಗೆ ತುಂಬಿ ಚೆಲ್ಲುವ ಸಂಭವವಿದೆ.

ನೆನಪಿನ ಉಗ್ರಾಣಗಳು ಅತಿ ವೇಗದವು. 2003ರಲ್ಲಿ ಬ್ರ್ಯಾಡ್ ಫಿಟ್ಸ್‌ಪ್ಯಾಟ್ರಿಕ್ ಅವರು ರಚಿಸಿದ ಮೆಮ್‌ಕ್ಯಾಶ್‌ಡಿ ಇವುಗಳಲ್ಲಿ ಹೆಸರಾದುದು. ಆದರೆ ಜಾಗ ಸಾಲದಾದಾಗ ಬಹುಕಾಲ ಮುಟ್ಟದ ಸಾಮಾನನ್ನು ಅದು ಕೇಳದೆಯೇ ಹೊರಗೆಸೆಯುತ್ತದೆ. ಯಂತ್ರವು ನಿಂತು ಮತ್ತೆ ಹೊರಟರೆ ಸ್ಲೇಟನ್ನು ಒರೆಸಿದಂತೆ ಎಲ್ಲವೂ ಹೋಗುತ್ತದೆ. ಮತ್ತೆ ಬೇಕಾದಾಗ ಮೂಲದಿಂದ ತಂದುಕೊಳ್ಳಬಹುದಾದ ವಸ್ತುವಿಗೆ ಇದು ತಕ್ಕ ಸ್ಥಳ. ಹುಡುಗನು ತುಂಬಿದ ಅರ್ಜಿಗೆ ಅವನ ಬೆರಳುಗಳ ಹೊರತು ಬೇರೆ ಮೂಲವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಅವಧಿಯನ್ನು ಸುಮ್ಮನೆ ಹೆಚ್ಚಿಸಿದರಾಯಿತಲ್ಲವೆ ಎಂದು ಕೆಲವರು ಕೇಳಿಯಾರು. ಅದಕ್ಕೆ ನಾವು ಒಪ್ಪುವುದಿಲ್ಲ. ಬಿಲ್ಲೆ ಯಾರ ಕೈಯಲ್ಲಿದೆಯೋ ಅವನೇ ಒಡೆಯನೆಂದು ಸರ್ವರ್ ನಂಬುತ್ತದೆ. ಅದಕ್ಕೆ ಬೇರೆ ಗತಿಯಿಲ್ಲ. 2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಎಂಬವರು ಫೈರ್‌ಶೀಪ್ ಎಂಬ ಸಣ್ಣ ಸಲಕರಣೆಯೊಂದನ್ನು ಬಿಡುಗಡೆ ಮಾಡಿದರು. ಬಾಗಿಲಿಲ್ಲದ ವೈಫೈ ಜಾಲದಲ್ಲಿ ಕುಳಿತು, ಅಕ್ಕಪಕ್ಕದವರ ಕುಕಿಗಳನ್ನು ಗಾಳಿಯಲ್ಲಿಯೇ ಹಿಡಿದು, ಒಂದು ಒತ್ತಿಗೆ ಅವರ ಖಾತೆಯೊಳಕ್ಕೆ ಹೋಗುವುದು ಅದರಿಂದ ಯಾರಿಗೆ ಬೇಕಾದರೂ ಸಾಧ್ಯವಾಯಿತು. ದೊಡ್ಡ ತಾಣಗಳ ಈ ಬಲಹೀನತೆಯನ್ನು ಬಯಲಿಗೆ ತರುವುದೇ ಅವರ ಉದ್ದೇಶವಾಗಿತ್ತು. ಗೂಢಲಿಪಿಯ ದಾರಿಯಲ್ಲಿಯೇ ಎಲ್ಲ ಪುಟಗಳನ್ನೂ ಸಾಗಿಸುವ ಪದ್ಧತಿಯು ಮುಂದೆ ಹರಡಿತು. ಜ್ಯಾಂಗೊವಿನಲ್ಲಿ ಮಾತ್ರ, ಕುಕಿಯನ್ನು ಗೂಢಲಿಪಿಯ ದಾರಿಯಲ್ಲಲ್ಲದೆ ಕಳುಹಿಸಕೂಡದೆಂಬ ಸಾಲನ್ನು ಈಗಲೂ ಕಟ್ಟುವವನೇ ‘ಹೌದು’ ಎಂದು ತಿದ್ದಬೇಕು. ಅದನ್ನು ತಿದ್ದದೆ ತಾಣವನ್ನು ಲೋಕಕ್ಕೆ ಬಿಡುವುದು ಅಲಕ್ಷ್ಯವೇ ಸರಿ. ಆದುದರಿಂದ ಬಿಲ್ಲೆಯ ಆಯುಸ್ಸು ಚಿಕ್ಕದಾಗಿರಬೇಕೆಂಬ ಭದ್ರತೆಯ ಪಂಡಿತರ ಮಾತು ನ್ಯಾಯವಾದದ್ದು.

ಹಾಗಾದರೆ ದಾರಿಯೇನು? ಸೆಷನ್ನಿನಲ್ಲಿ ನಾವು ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತಿದ್ದೇವೆ ಎಂಬುದೇ ನಮ್ಮ ಆಕ್ಷೇಪಣೆ. ಒಂದು, ಇವನು ಇಂಥವನೆಂಬ ಗುರುತು. ಇನ್ನೊಂದು, ಇವನು ಮಾಡಿದ ಕೆಲಸ. ಗುರುತು ಕಳೆದುಹೋದರೆ ಗುಪ್ತಪದವನ್ನು ಕೊಟ್ಟು ನಿಮಿಷದಲ್ಲಿ ಮತ್ತೆ ಪಡೆಯಬಹುದು. ಅದು ಬೇಗ ಅಳಿಯಲಿ. ಕೆಲಸವು ಹಾಗಲ್ಲ. ಅದನ್ನು ಸೆಷನ್ನಿನಿಂದ ಬಿಡಿಸಿ, ಡೇಟಾಬೇಸಿನಲ್ಲಿ ಕರಡು ಅರ್ಜಿಯೆಂಬ ಬೇರೊಂದು ಕೋಷ್ಟಕವನ್ನು ಮಾಡಿ, ಅರ್ಜಿದಾರನ ಖಾತೆಯ ಹೆಸರಿನಲ್ಲಿಯೇ ಇಡತಕ್ಕದ್ದು. ಒಂದೊಂದು ಪ್ರಶ್ನೆಗೆ ಉತ್ತರ ಬರೆದು ಮುಂದಿನದಕ್ಕೆ ಹೋದಾಗಲೂ ಬ್ರೌಸರ್ ಆ ಉತ್ತರವನ್ನು ಸದ್ದಿಲ್ಲದೆ ಸರ್ವರಿಗೆ ಕಳುಹಿಸಲಿ. ಸೆಷನ್ ಮುಗಿದರೆ ಮುಗಿಯಲಿ. ಮತ್ತೆ ಒಳಗೆ ಬಂದವನಿಗೆ ಅರ್ಜಿಯು ಬಿಟ್ಟಲ್ಲಿಯೇ ಕಾಣಬೇಕು. ಹೀಗೆ ಕಳುಹಿಸುವುದರಿಂದ, ಪ್ರತಿ ಕೇಳಿಕೆಗೂ ಸೆಷನ್ ಉಳಿಸುವ ಸಾಲನ್ನು ಬರೆದಿದ್ದಲ್ಲಿ, ಹುಡುಗನು ದುಡಿಯುತ್ತಿರುವ ಸಂಗತಿಯೂ ಸರ್ವರಿಗೆ ತಿಳಿಯುವುದು. ಗಡಿಯಾರದ ಲೆಕ್ಕದಲ್ಲಿ ಮಾತ್ರ ಕಳುಹಿಸಬಾರದು. ಹಾಗೆ ಮಾಡಿದರೆ ಎದ್ದುಹೋದವನ ಸೆಷನ್ನೂ ಜೀವದಿಂದಿರುವುದು. ಕೀಲಿ ಒತ್ತಿದಾಗ ಕಳುಹಿಸಿದರೆ ಸಾಕು.

ಇದು ನಮ್ಮ ಹೊಸ ಕಲ್ಪನೆಯೇನೂ ಅಲ್ಲ. ಜಾಲದ ಅಂತರರಾಷ್ಟ್ರೀಯ ಒಕ್ಕೂಟವಾದ ಡಬ್ಲ್ಯು3ಸಿ 2008ರಲ್ಲಿ ಪ್ರಕಟಿಸಿದ ಸುಗಮ್ಯತೆಯ ನಿಯಮಾವಳಿಯು, ಕಾಲಮಿತಿಯಿರುವ ಪುಟವು ಅವಧಿ ತೀರುವ ಮುನ್ನ ಎಚ್ಚರಿಸಿ, ಒಂದು ಸುಲಭ ಕ್ರಿಯೆಯಿಂದ ಅದನ್ನು ಬೆಳೆಸಿಕೊಳ್ಳಲು ಕಡಮೆಯೆಂದರೆ 20 ಸೆಕೆಂಡು ಕೊಡಬೇಕೆಂದೂ, ಹಾಗೆ ಹತ್ತು ಸಲವಾದರೂ ಬೆಳೆಸಲು ಬಿಡಬೇಕೆಂದೂ ಒಂದು ಮಾರ್ಗವನ್ನು ಹೇಳಿದೆ. ಇದು ಅದರ ತೀರ ಕೆಳಗಿನ ಮೆಟ್ಟಿಲಿನ ನಿಯಮ. ಮತ್ತೆ ಲಾಗಿನ್ ಆದವನು ಏನನ್ನೂ ಕಳೆದುಕೊಳ್ಳದೆ ಮುಂದುವರಿಯುವಂತಿರಬೇಕೆಂಬ ಮಾತನ್ನು ಅದೇ ನಿಯಮಾವಳಿಯು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿಟ್ಟಿದೆ. ಅದು ಕೂಡ ಮೊದಲ ಮೆಟ್ಟಿಲಿನಲ್ಲಿಯೇ ಇರಬೇಕಾಗಿತ್ತೆಂದು ನಮ್ಮ ಅಭಿಪ್ರಾಯ. ಕಣ್ಣು ಕಾಣದವರು, ಕೈ ನಡುಗುವವರು, ಬೆರಳಚ್ಚಿನ ಅಭ್ಯಾಸವಿಲ್ಲದವರು, ಹಳ್ಳಿಯ ಮಂದ ಸಂಪರ್ಕದಲ್ಲಿ ಕೂತವರು, ಇವರೆಲ್ಲರೂ ನಿಧಾನಸ್ಥರೇ. 24 ನಿಮಿಷವು ಸಾಲದೆ ಹೋಗುವುದು ಇವರಿಗೇ ಹೊರತು, ತಾಣವನ್ನು ಕಟ್ಟಿದ ಚುರುಕು ಬೆರಳಿನವರಿಗಲ್ಲ.

ಇದಕ್ಕೆ ಎರಡು ಆಕ್ಷೇಪಣೆಗಳನ್ನು ಕೇಳಿದ್ದೇವೆ. ಅರ್ಧ ಬರೆದ ಅರ್ಜಿಗಳಲ್ಲಿಯೂ ಜನರ ಖಾಸಗಿ ವಿವರಗಳು ಇರುತ್ತವೆ. ಅವನ್ನು ಕೂಡಿಹಾಕುವುದು ಅಪಾಯವಲ್ಲವೆ ಎಂಬುದು ಒಂದು. ಇದರಲ್ಲಿ ತೂಕವಿದೆ. ಕರಡನ್ನು ಎಷ್ಟು ದಿನ ಇಡಲಾಗುವುದೆಂದು ಅರ್ಜಿಯ ತಲೆಯಲ್ಲಿಯೇ ಬರೆದು, ಆ ದಿನ ಕಳೆದ ಮೇಲೆ ತಪ್ಪದೆ ಅಳಿಸಬೇಕು. ಅಳಿಸುವ ಕೆಲಸವು ತಾನಾಗಿ ನಡೆಯುತ್ತದೆಂದು ನಂಬಬಾರದು. ಜ್ಯಾಂಗೊವಿನ ಡೇಟಾಬೇಸಿನಲ್ಲಿ ಅವಧಿ ತೀರಿದ ಸೆಷನ್ನುಗಳು ಕೂಡ ತಾವಾಗಿ ಹೋಗುವುದಿಲ್ಲ, ‘ಕ್ಲಿಯರ್‌ಸೆಷನ್ಸ್’ ಎಂಬ ಆಜ್ಞೆಯನ್ನು ದಿನಕ್ಕೊಮ್ಮೆ ನಡೆಸಲು ಏರ್ಪಾಟು ಮಾಡಬೇಕು. ಎರಡನೆಯದು ಖರ್ಚಿನ ಮಾತು. ಒಂದು ಕರಡಿಗೆ 8 ಕಿಲೋಬೈಟ್ ಎಂದು ಧಾರಾಳವಾಗಿಯೇ ಹಿಡಿದರೂ, ಒಂದು ಲಕ್ಷ ಅರ್ಜಿದಾರರಿಗೆ ಆಗುವುದು ಸುಮಾರು 800 ಮೆಗಾಬೈಟ್. ಆ ಸೈಬರ್ ಸೆಂಟರಿನಲ್ಲಿ, ತಾಯಿಯ ಮಾತು ಕೇಳಿಬರುತ್ತಿದ್ದ ಹುಡುಗನ ಹಳೆಯ ಫೋನಿನಲ್ಲಿಯೇ ಇದರ ಹಲವು ಪಾಲು ಜಾಗವಿತ್ತು.